ಸೂಪರ್ 8 ಫಿಲ್ಮ್ ಜೋಡಣೆ: ಸಿಮೆಂಟೋ, ಟೇಪೋ?

ಪ್ರಶ್ನೆ: ನನ್ನ ಬಳಿ ಸೂಪರ್ 8 ಫಿಲ್ಮಿನ (8 ಮಿ.ಮೀ. ಅಗಲದ ಮನೆ-ಸಿನಿಮಾ ಫಿಲ್ಮು) ಹಲವು ಹಳೆಯ ಸುರುಳಿಗಳಿವೆ. ಒಂದೊಂದೂ 50 ಅಡಿಯದು. ಸೆಕೆಂಡಿಗೆ 18 ಫ್ರೇಮಿನಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಕೆಟ್ಟ ಭಾಗಗಳನ್ನು ಕತ್ತರಿಸಿ, ಉಳಿದುದನ್ನು ಒಂದೇ ದೊಡ್ಡ ಸುರುಳಿಯಾಗಿ ಜೋಡಿಸಬೇಕೆಂದಿದ್ದೇನೆ. ಸಿಮೆಂಟ್, ಟೇಪ್ ಎರಡನ್ನೂ ಬಳಸಿದವರು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ: ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಫಿಲ್ಮಿನ ಬೇಸ್ (ಚಿತ್ರವನ್ನು ಹೊತ್ತಿರುವ ಪ್ಲಾಸ್ಟಿಕ್ ಪಟ್ಟಿ) ಅಸಿಟೇಟೋ ಪಾಲಿಯೆಸ್ಟರೋ ಎಂದು ನೋಡಿಕೊಳ್ಳಿ. ಫಿಲ್ಮ್ ಸಿಮೆಂಟ್ ಅಂಟಲ್ಲ. ಅದರಲ್ಲಿರುವ ದ್ರಾವಕವು ಅಸಿಟೇಟನ್ನು ಕರಗಿಸಿ ಎರಡು ತುದಿಗಳನ್ನು ಒಂದಾಗಿ ಬೆಸೆಯುತ್ತದೆ. ಪಾಲಿಯೆಸ್ಟರ್ ಅದಕ್ಕೆ ಕರಗುವುದೇ ಇಲ್ಲ. ಫ್ಯೂಜಿಯವರು 1965ರಲ್ಲಿ ತಂದ ಸಿಂಗಲ್ 8 ಫಿಲ್ಮ್ ಪಾಲಿಯೆಸ್ಟರಿನದು. ಅಳತೆಯೂ ರಂಧ್ರಗಳೂ ಸೂಪರ್ 8ರಂತೆಯೇ ಇರುವುದರಿಂದ ಎರಡೂ ಒಂದೇ ಪೆಟ್ಟಿಗೆಯಲ್ಲಿ ಗುರುತು ಸಿಗದಂತೆ ಬೆರೆತಿರಬಹುದು. ನಾನು ಇದನ್ನು ಅರಿಯದೆ ಒಂದು ಸಂಜೆಯಿಡೀ ಕುಳಿತು ಹಾಕಿದ ಬೆಸುಗೆಗಳಲ್ಲಿ ಕೆಲವು ಬೆರಳಿನಿಂದ ಮೆಲ್ಲಗೆ ಎಳೆದೊಡನೆ ಬಿಟ್ಟುಕೊಂಡವು, ಮತ್ತು ತಪ್ಪು ಸಿಮೆಂಟಿನದೆಂದೇ ನಾನು ಬಹುಕಾಲ ನಂಬಿದ್ದೆ.

ಅಸಿಟೇಟ್ ಎಂದು ಖಚಿತವಾದರೆ ನನ್ನ ಮತ ಸಿಮೆಂಟಿಗೆ. ಒಂದು ತುದಿಯ ಎಮಲ್ಷನ್ನನ್ನು, ಅಂದರೆ ಚಿತ್ರವಿರುವ ಲೇಪವನ್ನು, ಬೇಸ್ ಪಾರದರ್ಶಕವಾಗಿ ಕಾಣುವವರೆಗೆ ಕೆರೆಯಬೇಕು. ಒಂದಿಷ್ಟು ಉಳಿದರೂ ಬೆಸುಗೆ ಹಿಡಿಯದು, ಅತಿಯಾಗಿ ಕೆರೆದರೆ ಫಿಲ್ಮ್ ತೆಳುವಾಗಿ ಅಲ್ಲಿಯೇ ಮುರಿಯುತ್ತದೆ. ತೆಳುವಾಗಿ ಒಂದೇ ಬಾರಿ ಸಿಮೆಂಟ್ ಸವರಿ, ಅದು ಆರುವ ಮೊದಲೇ ಸ್ಪ್ಲೈಸರಿನ (ಫಿಲ್ಮ್ ಜೋಡಿಸುವ ಸಾಧನ) ಹಿಡಿಕೆಯನ್ನು ಮುಚ್ಚಿ, ಅರ್ಧ ನಿಮಿಷವಾದರೂ ಒತ್ತಿ ಹಿಡಿಯಿರಿ. ದ್ರಾವಕ ಆವಿಯಾದ ಹಳೆಯ ಸೀಸೆ ಪ್ರಯೋಜನಕ್ಕೆ ಬಾರದು. ಅದರ ಆವಿ ದೇಹಕ್ಕೆ ಒಳ್ಳೆಯದಲ್ಲವಾದ್ದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲಿ ಕತ್ತರಿಸಬೇಕೆಂದು ಇನ್ನೂ ನಿರ್ಧರಿಸದವರು ಸಿಮೆಂಟನ್ನು ಮುಟ್ಟದಿರುವುದೇ ಲೇಸು. ಸಿಮೆಂಟಿನಲ್ಲಿ ತುದಿಗಳು ಒಂದರ ಮೇಲೊಂದು ಕೂರುವುದರಿಂದ, ಬೆಸುಗೆ ಬಿಚ್ಚಿ ಮತ್ತೆ ಹಾಕುವಾಗಲೆಲ್ಲ ಚಿತ್ರದ ಭಾಗ ಕಳೆದುಹೋಗುತ್ತದೆ. ಟೇಪಿನಲ್ಲಿ ತುದಿಗೆ ತುದಿ ತಾಗಿಸಿಟ್ಟು ಎರಡೂ ಬದಿಗೆ ಅಂಟಿಸುವುದರಿಂದ ಏನೂ ನಷ್ಟವಾಗದು. ಅದಕ್ಕೂ ದೋಷವಿದೆ: ಪ್ರೊಜೆಕ್ಟರಿನ ಗೇಟಿನಲ್ಲಿ (ಫಿಲ್ಮ್ ಬೆಳಕಿನ ಮುಂದೆ ಹಾದುಹೋಗುವ ಕಿಂಡಿ) ಆ ದಪ್ಪ ಹಾದುಹೋಗುವಾಗ ಪರದೆಯ ಮೇಲೆ ಚಿತ್ರ ಕ್ಷಣಕಾಲ ಮಂಜಾಗುತ್ತದೆ. ಕಾಗದಕ್ಕೆ ಅಂಟಿಸುವ ಸಾಧಾರಣ ಟೇಪನ್ನಂತೂ ಬಳಸಲೇಬೇಡಿ. ಅದರ ಅಂಟು ಕಾಲಕ್ರಮದಲ್ಲಿ ಒಸರಿ ಪಕ್ಕದ ಸುತ್ತಿಗೂ ಹತ್ತಿಕೊಳ್ಳುತ್ತದೆ.

ಮೂರನೆಯ ಉತ್ತರ: ಅಂಚಿನಲ್ಲಿ ಧ್ವನಿಯ ಕಂದುಪಟ್ಟಿಯಿರುವ ಫಿಲ್ಮಾದರೆ, ಟೇಪು ಆ ಪಟ್ಟಿಯನ್ನು ಮುಚ್ಚದಂತೆ ನೋಡಿಕೊಳ್ಳಿ, ಮುಚ್ಚಿದ ಕಡೆ ಧ್ವನಿ ಕುಗ್ಗುತ್ತದೆ.

ಪ್ರಶ್ನೆ ಕೇಳಿದವರು: ಬೇಸನ್ನು ಗುರುತಿಸುವುದು ಹೇಗೆ? ಹರಿದು ನೋಡಲು ಮನಸ್ಸಾಗುತ್ತಿಲ್ಲ.

ಮೊದಲ ಉತ್ತರದವರು: ಹರಿಯಬೇಕಾಗಿಲ್ಲ. ಸುರುಳಿಯನ್ನು ದೀಪದ ಮುಂದೆ ಹಿಡಿದು ಸುತ್ತುಗಳ ಅಂಚಿನ ಕಡೆಯಿಂದ ನೋಡಿ. ಪಾಲಿಯೆಸ್ಟರಾದರೆ ಬೆಳಕು ಒಳಗಿನಿಂದ ಹಾದು ಬರುತ್ತದೆ. ಅಸಿಟೇಟಾದರೆ ಕಪ್ಪಾಗಿಯೇ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿದೆ. ಎರಡು ಸುರುಳಿಗಳಲ್ಲಿ ಬೆಳಕು ಹಾದು ಬಂತು, ಉಳಿದವೆಲ್ಲ ಕಪ್ಪು. ಆ ಎರಡಕ್ಕೆ ಟೇಪ್ ತರಿಸುತ್ತೇನೆ; ಉಳಿದವುಗಳಿಗೆ ಸಿಮೆಂಟ್ ಹಾಕುವ ಮೊದಲು ಸುರುಳಿಗಳ ಆರಂಭದ ಖಾಲಿ ಫಿಲ್ಮಿನ ಮೇಲೆ ಕೈ ಪಳಗಿಸಿಕೊಳ್ಳುತ್ತೇನೆ.