ನಾಲ್ಕನೆಯ ಸರದಿಗೆ ಯಾರು ಉಳಿಯುತ್ತಾರೆ?

ಪುಟ್ಟಿ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ನೋಡಿದೆ. ನಮ್ಮ ಫ್ಯಾಂಟಸಿ ಫುಟ್‌ಬಾಲ್ ಲೀಗಿನಲ್ಲಿ ಹೊಸ ಆಟಗಾರರನ್ನು ಆರಿಸುವ, ಶನಿವಾರದ 2025ರ ರೂಕಿ ಡ್ರಾಫ್ಟ್‌ನಲ್ಲಿ ನಿನಗೆ ನಾಲ್ಕನೆಯ ಸರದಿ ಬಂದಿದೆ, ನಿನಗಿಂತ ಮೊದಲಿನ ಮೂವರು ಯಾರನ್ನು ತೆಗೆದುಕೊಳ್ಳುತ್ತಾರೆ, ಕೊನೆಗೆ ನಿನ್ನ ಪಾಲಿಗೆ ಯಾರು ಉಳಿಯುತ್ತಾರೆ ಎಂದು ಕೇಳಿದ್ದೀಯ. ಟೈಪು ಮಾಡಿ ಮುಗಿಸುವ ವಿಷಯ ಇದಲ್ಲ, ಸಾವಕಾಶವಾಗಿ ಮಾತಿನಲ್ಲೇ ಹೇಳುತ್ತೇನೆ. ಆ ಲೀಗಿನಲ್ಲಿ ಇಷ್ಟು ವರ್ಷ ನಾನು ನಡೆಸಿದ ತಂಡವನ್ನೇ ಈ ವರ್ಷ ನಿನ್ನ ಕೈಗೆ ಒಪ್ಪಿಸಿದ್ದೇನೆ. ಅಲ್ಲಿಯ ಉಳಿದ ಹನ್ನೊಂದು ತಂಡದವರಲ್ಲಿ ಯಾರೂ ನಮ್ಮ ಮನೆಯ ಈ ಗುಂಪಿನಲ್ಲಿ ಇಲ್ಲ, ಆದ್ದರಿಂದ ಮುಚ್ಚುಮರೆಯ ಅಗತ್ಯವೂ ಇಲ್ಲ.

ಮೈಸೂರಿನಿಂದ ಇದನ್ನು ಕೇಳಿಸಿಕೊಳ್ಳುತ್ತಿರುವ ಅಣ್ಣ ಅತ್ತಿಗೆಯರಿಗಾಗಿ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್. ಕಾಲೇಜಿನಲ್ಲಿ ಆಡಿ ಬರುವ ಹೊಸ ಆಟಗಾರರನ್ನು ಎನ್‌ಎಫ್‌ಎಲ್‌ನ 32 ತಂಡಗಳು ಪ್ರತಿ ಏಪ್ರಿಲ್‌ನಲ್ಲಿ ಆರಿಸಿಕೊಳ್ಳುತ್ತವೆ. ಐಪಿಎಲ್ ಹರಾಜಿನಂತೆ ಹಣ ಕೂಗುವ ಪದ್ಧತಿ ಅಲ್ಲಿಲ್ಲ, ಹಿಂದಿನ ವರ್ಷ ಸೋತು ತಳದಲ್ಲಿದ್ದವರಿಗೆ ಮೊದಲ ಸರದಿ ಸಿಗುತ್ತದೆ. ಅದೇ ಹೊಸಬರನ್ನು ಫ್ಯಾಂಟಸಿ ಲೀಗಿನಲ್ಲಿ ನಾವು ಗೆಳೆಯರು ನಮ್ಮ ನಮ್ಮ ಕಾಗದದ ತಂಡಗಳಿಗೆ ಮತ್ತೊಮ್ಮೆ ಸರದಿಯ ಪ್ರಕಾರ ಆರಿಸುತ್ತೇವೆ. ನಿಜವಾದ ಪಂದ್ಯದಲ್ಲಿ ಅವರು ಓಡಿದ ಗಜಗಳು, ಹಿಡಿದ ಚೆಂಡುಗಳು, ಎದುರಾಳಿಯ ಗಡಿ ದಾಟಿ ಗಳಿಸಿದ ಟಚ್‌ಡೌನ್‌ಗಳು ನಮಗೆ ಅಂಕಗಳಾಗಿ ಬರುತ್ತವೆ. ನಮ್ಮದು ಡೈನಸ್ಟಿ ಲೀಗ್ ಆದ್ದರಿಂದ ಆರಿಸಿಕೊಂಡ ಆಟಗಾರ ವರ್ಷ ಕಳೆದರೂ ನಮ್ಮ ಬಳಿಯೇ ಉಳಿಯುತ್ತಾನೆ. ಹೀಗಾಗಿ ರೂಕಿ ಡ್ರಾಫ್ಟ್‌ನ ಒಂದು ಸರದಿಯ ಪರಿಣಾಮ ಹಲವು ವರ್ಷ ನಿಲ್ಲುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯ ಜೊತೆಗೆ ನೀನು ಕಳಿಸಿದ ನಿನ್ನ ಊಹೆಯ ಪಟ್ಟಿಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋಗಿವೆ. ಶನಿವಾರ ಯಾವ ಸರದಿಯಲ್ಲಿ ಯಾರು ಹೋಗುತ್ತಾರೆ ಎನ್ನುವುದು ಒಂದು, ಮೂರು ವರ್ಷದ ಬಳಿಕ ಅವರಲ್ಲಿ ಯಾರು ನಿಜವಾಗಿ ಹೆಚ್ಚು ಅಂಕ ಕೊಡುತ್ತಾರೆ ಎನ್ನುವುದು ಇನ್ನೊಂದು. ನಿನಗೆ ಇಷ್ಟವಾದ ಆಟಗಾರ ಮೇಲಿನ ಸ್ಥಾನಕ್ಕೆ ಯೋಗ್ಯ ಎಂದು ನಿನಗೆ ಅನಿಸಿದ ಮಾತ್ರಕ್ಕೆ ಉಳಿದವರೂ ಅವನನ್ನು ಮೇಲೆಯೇ ಎತ್ತಿಕೊಳ್ಳುತ್ತಾರೆ ಎಂದು ಬರೆದುಕೊಂಡಿದ್ದೀಯ. ಮೊದಲ ಪ್ರಶ್ನೆಗೆ ಉತ್ತರ ಸಿಗುವುದು ನಿನ್ನ ಎದುರಾಳಿಗಳ ತಂಡದ ಪಟ್ಟಿಯಲ್ಲಿ ಮತ್ತು ಅವರವರ ಸ್ವಭಾವದಲ್ಲಿ. ಎರಡನೆಯ ಪ್ರಶ್ನೆಗೆ ಸಿಗುವುದು ಎನ್‌ಎಫ್‌ಎಲ್ ತಂಡಗಳು ಆ ಆಟಗಾರನಿಗಾಗಿ ಎಷ್ಟು ಬೆಲೆಯ ಸರದಿಯನ್ನು ವ್ಯಯಿಸಿವೆ ಎನ್ನುವುದರಲ್ಲಿ.

ಇವೆರಡೂ ಎಷ್ಟು ದೂರ ಸರಿಯಬಹುದು ಎನ್ನುವುದಕ್ಕೆ 2020ರ ವರ್ಷವನ್ನು ನೋಡು. ಆಗಷ್ಟೇ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿದ್ದ ಕನ್ಸಾಸ್ ಸಿಟಿ ಚೀಫ್ಸ್ ಮೊದಲ ಸುತ್ತಿನ ಕೊನೆಯ, ಅಂದರೆ 32ನೆಯ, ಸರದಿಯಲ್ಲಿ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಎಂಬ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ಆರಿಸಿತು. ಚೆಂಡು ಎಸೆಯುವ ಖ್ಯಾತ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪಕ್ಕದಲ್ಲಿ ನಿಂತು ಆಡುವ ಹುಡುಗ ಎಂಬ ಒಂದೇ ಕಾರಣಕ್ಕೆ ಎಷ್ಟೋ ಲೀಗುಗಳಲ್ಲಿ ಜನ ಅವನನ್ನೇ ಮೊಟ್ಟಮೊದಲು ಎತ್ತಿಕೊಂಡರು. ಅದೇ ವರ್ಷ 22ನೆಯವನಾಗಿ ಮಿನ್ನೆಸೋಟಾ ವೈಕಿಂಗ್ಸ್ ಸೇರಿದ ಜಸ್ಟಿನ್ ಜೆಫರ್ಸನ್ ಆ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಐದನೆಯ ವೈಡ್ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವವನು. ಮೊದಲ ವರ್ಷವೇ 1,400 ಗಜ ಗಳಿಸಿದ. ಎಡ್ವರ್ಡ್ಸ್-ಹೆಲೇರ್ ಮೊದಲು ಹೋಗುತ್ತಾನೆ ಎಂದು ಅಂದು ಊಹಿಸಿದವರ ಊಹೆ ಸರಿಯೇ ಆಗಿತ್ತು, ಆರಿಸಿದವರ ಆಯ್ಕೆ ಮಾತ್ರ ಫಲ ಕೊಡಲಿಲ್ಲ. ಕಳೆದ ವರ್ಷವೂ ಹಾಗೆಯೇ ಆಯಿತು. ನಾಲ್ಕನೆಯವನಾಗಿ ಅರಿಝೋನಾ ಸೇರಿದ ಮಾರ್ವಿನ್ ಹ್ಯಾರಿಸನ್ ಜೂನಿಯರ್ 885 ಗಜ ಗಳಿಸಿದರೆ, 23ನೆಯವನಾಗಿ ಜಾಕ್ಸನ್‌ವಿಲ್ ಸೇರಿದ ಬ್ರಯನ್ ಥಾಮಸ್ ಜೂನಿಯರ್ 1,282 ಗಜ ಮತ್ತು 10 ಟಚ್‌ಡೌನ್ ಗಳಿಸಿದ.

2023ರಲ್ಲಿ 177ನೆಯವನಾಗಿ ಆಯ್ಕೆಯಾದ ಪುಕಾ ನಕುವಾ 1,486 ಗಜ ಗಳಿಸಿ ಹೊಸಬರ ದಾಖಲೆ ಮುರಿದದ್ದನ್ನು ನಿನ್ನ ಅಣ್ಣ ನಿನಗೆ ಹೇಳಿಯೇ ಇರುತ್ತಾನೆ. ಅಂಥವನು ಬಹಳ ಅಪರೂಪ ಎಂಬ ಕಾರಣದಿಂದಲೇ ಅವನ ಹೆಸರು ಎಲ್ಲರ ಬಾಯಲ್ಲಿದೆ. ಐದನೆಯ ಸುತ್ತಿನ ಹುಡುಗರಲ್ಲಿ ಬಹುಪಾಲು ಮಂದಿ ತಂಡದಲ್ಲಿ ನೆಲೆ ನಿಲ್ಲುವುದೇ ಕಷ್ಟ, ಆದ್ದರಿಂದ ಆ ಒಂದು ಉದಾಹರಣೆಯ ಬಲದ ಮೇಲೆ ಮೊದಲ ಸುತ್ತಿನ ಆಯ್ಕೆ ಮಾಡಬೇಡ.

ನಮ್ಮ ಲೀಗಿನ ನಿಯಮವೊಂದನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅಲ್ಲಿ ಸೂಪರ್‌ಫ್ಲೆಕ್ಸ್ ಸ್ಥಾನವಿದೆ, ಅಂದರೆ ಪ್ರತಿ ವಾರ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆಡಿಸಬಹುದು. ಹನ್ನೆರಡು ತಂಡಗಳು ಇಬ್ಬಿಬ್ಬರನ್ನು ಆಡಿಸಿದರೆ 24 ಮಂದಿ ಬೇಕು, ಗಾಯ ಮತ್ತು ವಿರಾಮದ ವಾರಗಳಿಗಾಗಿ ಮೂರನೆಯವನೊಬ್ಬನನ್ನೂ ಇಟ್ಟುಕೊಂಡರೆ 36 ಮಂದಿ ಬೇಕು. ಇಡೀ ಎನ್‌ಎಫ್‌ಎಲ್‌ನಲ್ಲಿ ಮೊದಲಿನಿಂದ ಆಡುವವರು 32 ಮಂದಿ ಮಾತ್ರ. ಇದರಿಂದಾಗಿ ಬೇರೆ ಲೀಗುಗಳಲ್ಲಿ ಎರಡನೆಯ ಸುತ್ತಿಗೆ ಇಳಿಯುವ ಕ್ವಾರ್ಟರ್‌ಬ್ಯಾಕ್ ಇಲ್ಲಿ ಮೊದಲ ಮೂರು ನಾಲ್ಕರೊಳಗೆ ಮಾಯವಾಗುತ್ತಾನೆ. ನೀನು ಕ್ಯಾಮ್ ವಾರ್ಡ್‌ನನ್ನು ಹತ್ತನೆಯ ಸ್ಥಾನಕ್ಕೆ ಬರೆದಿದ್ದೀಯ, ಅದು ಖಂಡಿತ ಆಗದು.

ಮೊದಲ ಸರದಿ ಹ್ಯೂಸ್ಟನ್‌ನ ಡಾಕ್ಟರದು. ಅವರ ತಂಡದ ರನ್ನಿಂಗ್ ಬ್ಯಾಕ್‌ಗಳಿಗೆ ವಯಸ್ಸಾಗಿದೆ, ಅವರು ಸರದಿ ಮಾರಿಕೊಳ್ಳುವ ಸ್ವಭಾವದವರೂ ಅಲ್ಲ. ಆ್ಯಷ್ಟನ್ ಜೆಂಟಿಯನ್ನು ಅವರು ಬಿಡುವುದಿಲ್ಲ. ಬೊಯಿಸೀ ಸ್ಟೇಟ್ ಪರವಾಗಿ ಒಂದೇ ಋತುವಿನಲ್ಲಿ 2,601 ಗಜ ಓಡಿ, 1988ರಲ್ಲಿ ಬ್ಯಾರಿ ಸ್ಯಾಂಡರ್ಸ್ ಬರೆದ 2,628ರ ದಾಖಲೆಯ ಹತ್ತಿರಕ್ಕೆ ಹೋಗಿ ಬಂದವನು ಅವನು. ಕಳೆದ ವರ್ಷ ಓಟದ ಗಜಗಳಲ್ಲಿ ಇಡೀ ಎನ್‌ಎಫ್‌ಎಲ್‌ಗೆ ಕೊನೆಯದಾಗಿದ್ದ ರೇಡರ್ಸ್ ತಂಡ ಆರನೆಯ ಸರದಿಯನ್ನೇ ಅವನಿಗಾಗಿ ಕೊಟ್ಟಿತು ಎಂದ ಮೇಲೆ ಅವನನ್ನು ಬೆಂಚಿನಲ್ಲಿ ಕೂರಿಸುವ ಉದ್ದೇಶ ಅವರಿಗಿಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ.

ಎರಡನೆಯ ಸರದಿ ಸನಿವೇಲ್‌ನ ದಂಪತಿಗಳದು, ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಕಳೆದ ವರ್ಷ ಅವರು ಕೇಲೆಬ್ ವಿಲಿಯಮ್ಸ್ ಮತ್ತು ಡ್ರೇಕ್ ಮೇ ಇಬ್ಬರನ್ನೂ ತೆಗೆದುಕೊಂಡರು, ಆದ್ದರಿಂದ ಅವರಿಗೆ ಕ್ವಾರ್ಟರ್‌ಬ್ಯಾಕ್‌ನ ಹಸಿವಿಲ್ಲ. ರನ್ನಿಂಗ್ ಬ್ಯಾಕ್‌ಗಾಗಿ ಅವರು ನಂಬಿದ್ದು ಜೊನಾಥನ್ ಬ್ರೂಕ್ಸ್‌ನನ್ನು. ಕಾಲೇಜಿನಲ್ಲಿ ಪೆಟ್ಟಾಗಿದ್ದ ಮೊಣಕಾಲಿನ ಲಿಗಮೆಂಟ್ ಡಿಸೆಂಬರ್‌ನಲ್ಲಿ ಮತ್ತೆ ಹರಿದು ಆ ಹುಡುಗನ ವರ್ಷವೇ ಹಾಳಾಯಿತು. ಹೆಂಡತಿ ಚಾಪೆಲ್ ಹಿಲ್‌ನಲ್ಲಿ ಎಂ.ಎಸ್. ಮಾಡಿದವರು, ಇಂದಿಗೂ ನಾರ್ತ್ ಕೆರೊಲಿನಾದ ಪಂದ್ಯ ಒಂದನ್ನೂ ತಪ್ಪಿಸುವುದಿಲ್ಲ. ಅದೇ ವಿಶ್ವವಿದ್ಯಾಲಯದಿಂದ ಒಮೇರಿಯನ್ ಹ್ಯಾಂಪ್ಟನ್ ಬಂದಿದ್ದಾನೆ, ಕಳೆದ ವರ್ಷ 1,660 ಗಜ ಓಡಿದ್ದಾನೆ, ಜಿಮ್ ಹಾರ್ಬಾ ಅವರ ಚಾರ್ಜರ್ಸ್ ತಂಡ ಅವನನ್ನು 22ನೆಯವನಾಗಿ ಆರಿಸಿದೆ. ಚಾರ್ಜರ್ಸ್ ಒಂದು ವರ್ಷದ ಮಟ್ಟಿಗೆ ನಜೀ ಹ್ಯಾರಿಸ್‌ನನ್ನೂ ತಂದಿರುವುದರಿಂದ ಗಂಡ ಅನುಮಾನ ಪಡಬಹುದು, ಆದರೆ ಅಗತ್ಯ ಮತ್ತು ಅಭಿಮಾನ ಎರಡೂ ಒಂದೇ ಹೆಸರಿನತ್ತ ಬೊಟ್ಟು ಮಾಡುವಾಗ ನಾನು ಆ ಹೆಸರನ್ನೇ ಬರೆದುಕೊಳ್ಳುತ್ತೇನೆ.

ಮೂರನೆಯವರು ಅಟ್ಲಾಂಟಾದ ರಾಯರು. ಅವರ ಬಳಿ ಡೆರೆಕ್ ಕಾರ್ ಇದ್ದ, ಮೇ 10ರಂದು ಅವನು ನಿವೃತ್ತಿ ಘೋಷಿಸಿದ. ಇನ್ನೊಬ್ಬ ಆರನ್ ರಾಡ್ಜರ್ಸ್, ಅವನು ಯಾವ ತಂಡಕ್ಕೆ ಆಡುತ್ತಾನೆ ಎನ್ನುವುದೇ ಈ ಮೇ ತಿಂಗಳವರೆಗೆ ನಿಗದಿಯಾಗಿಲ್ಲ. ಇಂಥ ಸ್ಥಿತಿಯಲ್ಲಿರುವವರು ಟೆನೆಸ್ಸೀ ಟೈಟನ್ಸ್ ಮೊಟ್ಟಮೊದಲು ಆರಿಸಿದ, ಮಯಾಮಿಯಲ್ಲಿ ಕಳೆದ ಋತುವಿನಲ್ಲಿ 39 ಟಚ್‌ಡೌನ್ ಎಸೆದ ಕ್ಯಾಮ್ ವಾರ್ಡ್‌ನನ್ನು ದಾಟಿ ಹೋಗುವುದು ಸಾಧ್ಯವಿಲ್ಲ.

ಅಲ್ಲಿಗೆ ನಿನ್ನ ಮುಂದೆ ಇಬ್ಬರು ಉಳಿಯುತ್ತಾರೆ, ಇಬ್ಬರೂ ರಿಸೀವರ್‌ಗಳು: ಕೆರೊಲಿನಾ ಪ್ಯಾಂಥರ್ಸ್ ಎಂಟನೆಯವನಾಗಿ ಆರಿಸಿದ ಟೆಟೈರೋವಾ ಮೆಕ್‌ಮಿಲನ್ ಮತ್ತು ಜಾಕ್ಸನ್‌ವಿಲ್ ಎರಡನೆಯವನಾಗಿ ಆರಿಸಿದ ಟ್ರಾವಿಸ್ ಹಂಟರ್. ಹಂಟರ್‌ನ ಪ್ರತಿಭೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಕೊಲರಾಡೋದಲ್ಲಿ ದಾಳಿ ಮತ್ತು ರಕ್ಷಣೆ ಎರಡೂ ಕಡೆ ಆಡಿ, 96 ಚೆಂಡು ಹಿಡಿದು 1,258 ಗಜ ಗಳಿಸಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್ಮನ್ ಪ್ರಶಸ್ತಿ ಗೆದ್ದ. ಅವನಿಗಾಗಿ ಜಾಗ್ವಾರ್ಸ್ ತಮ್ಮ ಐದನೆಯ ಸರದಿ, 36ನೆಯ ಸರದಿ ಮತ್ತು 2026ರ ಮೊದಲ ಸುತ್ತಿನ ಸರದಿಯನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟರು. ಎನ್‌ಎಫ್‌ಎಲ್ ಕೊಟ್ಟ ಬೆಲೆಯೊಂದನ್ನೇ ನೋಡಿದರೆ ನಾನು ಹಂಟರ್ ಎನ್ನಬೇಕಾಗಿತ್ತು. ಆದರೆ ಆ ಬೆಲೆಯಲ್ಲಿ ಅವನ ರಕ್ಷಣೆಯ ಆಟದ ಪಾಲೂ ಸೇರಿದೆ, ನಮ್ಮ ಲೀಗಿನಲ್ಲಿ ರಕ್ಷಣೆಯ ಆಟಗಾರನಿಗೆ ಒಂದು ಅಂಕವೂ ಇಲ್ಲ. ಅವನು ಆ ಕಡೆ ಮೈದಾನದಲ್ಲಿ ಕಳೆಯುವ ಪ್ರತಿ ನಿಮಿಷವೂ ನಮಗೆ ಬರಿಯ ದಣಿವು ಮತ್ತು ಗಾಯದ ಭಯ. ಮೆಕ್‌ಮಿಲನ್‌ಗೆ ಕೊಟ್ಟ ಎಂಟನೆಯ ಸರದಿಯ ಇಡೀ ಬೆಲೆ ಚೆಂಡು ಹಿಡಿಯುವುದಕ್ಕೇ ಸಂದದ್ದು. ಎತ್ತರದ ಹುಡುಗ, ಅರಿಝೋನಾ ವಿಶ್ವವಿದ್ಯಾಲಯದ ಪರವಾಗಿ ಕಳೆದ ವರ್ಷ 84 ಚೆಂಡು ಹಿಡಿದು 1,319 ಗಜ ಗಳಿಸಿದ್ದಾನೆ. ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಕ್ಸೇವಿಯರ್ ಲೆಗೆಟ್ ಎಂಬ ರಿಸೀವರ್‌ನನ್ನು ತಂದಿದ್ದ ಪ್ಯಾಂಥರ್ಸ್ ಮತ್ತೆ ರಿಸೀವರ್‌ನನ್ನೇ ಆರಿಸಿದ್ದಾರೆ ಎಂದರೆ ಬ್ರೈಸ್ ಯಂಗ್ ಎಸೆಯುವ ಚೆಂಡುಗಳಲ್ಲಿ ದೊಡ್ಡ ಪಾಲು ಇವನಿಗೇ ಮೀಸಲು ಎಂದು ನಾನು ತಿಳಿಯುತ್ತೇನೆ. ನಿನಗೆ ಒಪ್ಪಿಸಿದ ತಂಡದಲ್ಲಿ ಓಟಕ್ಕೆ ಬಕಿ ಅರ್ವಿಂಗ್ ಇದ್ದಾನೆ, ರಿಸೀವರ್‌ಗಳಾದ ಮೈಕ್ ಎವನ್ಸ್ ಮತ್ತು ಟೈರೀಕ್ ಹಿಲ್ ಇಬ್ಬರಿಗೂ ಮೂವತ್ತು ದಾಟಿದೆ. ಮೆಕ್‌ಮಿಲನ್‌ನನ್ನೇ ತೆಗೆದುಕೋ.

ಐದರಿಂದ ಮುಂದಕ್ಕೆ ನನ್ನ ಊಹೆ ಬೇಗ ಮಸುಕಾಗುತ್ತದೆ. ಹಂಟರ್ ಐದನೆಯವನು, ಅದು ಬಹುತೇಕ ಖಚಿತ. ಆಮೇಲೆ ಟ್ರೆವಿಯಾನ್ ಹೆಂಡರ್ಸನ್, ಕ್ವಿನ್‌ಶಾನ್ ಜಡ್ಕಿನ್ಸ್, ಎಮೆಕಾ ಎಗ್ಬುಕಾ, ಚೆಂಡು ಹಿಡಿಯುವ ಜೊತೆಗೆ ಎದುರಾಳಿಯನ್ನು ತಡೆಯುವ ಟೈಟ್ ಎಂಡ್‌ಗಳಾದ ಕೋಲ್ಸ್ಟನ್ ಲವ್‌ಲ್ಯಾಂಡ್ ಮತ್ತು ಟೈಲರ್ ವಾರೆನ್, ಜಯಂಟ್ಸ್ ಸೇರಿದ ಕ್ವಾರ್ಟರ್‌ಬ್ಯಾಕ್ ಜಾಕ್ಸನ್ ಡಾರ್ಟ್, ಪ್ಯಾಕರ್ಸ್‌ನ ಮ್ಯಾಥ್ಯೂ ಗೋಲ್ಡನ್ ಯಾವುದೋ ಒಂದು ಕ್ರಮದಲ್ಲಿ ಹೋಗುತ್ತಾರೆ. ಇವರ ಕ್ರಮವನ್ನು ಒಂದೊಂದಾಗಿ ಬರೆಯುವ ಶ್ರಮ ಪಡಬೇಡ.

ನಿನ್ನ ಎರಡನೆಯ ಸರದಿ 16ನೆಯದು. ಅದಕ್ಕೂ ಒಂದೇ ಹೆಸರನ್ನು ಹಿಡಿದು ಕೂರಬೇಡ, ಆರ್‌ಜೆ ಹಾರ್ವಿ, ಕೇಲೆಬ್ ಜಾನ್ಸನ್, ಲೂಥರ್ ಬರ್ಡನ್ ಎಂಬ ಮೂವರನ್ನು ಬರೆದಿಟ್ಟುಕೋ. ನಿನಗಿಂತ ಮುಂಚೆ, 15ನೆಯ ಸರದಿಯಲ್ಲಿ, ಮತ್ತೆ ಅಟ್ಲಾಂಟಾದ ರಾಯರು ಇರುತ್ತಾರೆ. ಕಾರ್ ಬಿಟ್ಟುಹೋದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡ 40ನೆಯವನಾಗಿ ಆರಿಸಿದ ಕ್ವಾರ್ಟರ್‌ಬ್ಯಾಕ್ ಟೈಲರ್ ಶಕ್ ಅಲ್ಲಿಯವರೆಗೆ ಉಳಿದಿದ್ದರೆ ರಾಯರು ಅವನನ್ನು ಬಿಡುವವರಲ್ಲ, ಆಗ ನಿನ್ನ ಮೂವರಲ್ಲಿ ಒಬ್ಬ ನಿನಗೆ ದಕ್ಕುತ್ತಾನೆ. ಮೂವರೂ ಉಳಿದಿದ್ದರೆ ನನ್ನ ಮನಸ್ಸು ಹಾರ್ವಿಯ ಕಡೆ. ವಯಸ್ಸು ತುಸು ಹೆಚ್ಚು ಎಂದು ಜನ ಹಿಂಜರಿಯುತ್ತಾರೆ, ಆದರೆ ಅವನು ಸೇರಿದ ಡೆನ್ವರ್ ತಂಡದ ಶಾನ್ ಪೇಟನ್ ರನ್ನಿಂಗ್ ಬ್ಯಾಕ್‌ಗಳಿಗೆ ಚೆಂಡು ಎಸೆಯಿಸುವುದರಲ್ಲಿ ಹೆಸರಾದ ಕೋಚ್, ಹಿಡಿದ ಪ್ರತಿ ಚೆಂಡಿಗೂ ನಮ್ಮಲ್ಲಿ ಒಂದು ಅಂಕವಿದೆ. ಶೆಡೂರ್ ಸ್ಯಾಂಡರ್ಸ್ ಹೆಸರು ಕೇಳಿ ಆಸೆಪಡಬೇಡ. 144ನೆಯ ಸರದಿಯವರೆಗೆ ಎಲ್ಲ ತಂಡಗಳೂ ಅವನನ್ನು ದಾಟಿ ಹೋದವು, ಅವನನ್ನು ಆರಿಸಿದ ಕ್ಲೀವ್‌ಲ್ಯಾಂಡ್ ಅದೇ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲೇ ಡಿಲನ್ ಗೇಬ್ರಿಯಲ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತ್ತು.

ಇನ್ನೊಂದು ಮಾತು, ಇದು ಮುಖ್ಯವಾದದ್ದು. ನಿನ್ನ ನಂತರದ ಐದನೆಯ ಸರದಿ ಬೋಲ್ಡರ್‌ನ ಎಂಜಿನಿಯರರದು. ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಓದಿದವರು, ಹಂಟರ್ ಆಡಿದ ಪಂದ್ಯಗಳನ್ನು ಕ್ರೀಡಾಂಗಣದಲ್ಲೇ ಕುಳಿತು ನೋಡಿದವರು, ಮೆಕ್‌ಮಿಲನ್ ಎದುರಿಗಿದ್ದರೂ ಅವರು ಕೈ ಚಾಚುವುದು ಹಂಟರ್‌ನತ್ತಲೇ. ನೀನು ಹಂಟರ್‌ನನ್ನು ಎತ್ತಿಕೊಂಡುಬಿಡುತ್ತೀಯೋ ಎಂಬ ಆತಂಕ ಅವರಿಗೆ ಖಂಡಿತ ಇದೆ. ಆದ್ದರಿಂದ ಶನಿವಾರದವರೆಗೆ ನಿನ್ನ ಒಲವು ಯಾರ ಕಡೆ ಎಂದು ಲೀಗಿನ ಯಾರಿಗೂ ಹೇಳಬೇಡ. ಸರದಿ ಅದಲುಬದಲು ಮಾಡೋಣವೇ ಎಂದು ಅವರೇ ಕೇಳಿದರೆ, ನಾಲ್ಕನೆಯದನ್ನು ಕೊಟ್ಟು ಐದನೆಯದರ ಜೊತೆಗೆ ಅವರ ಮುಂದಿನ ವರ್ಷದ ಎರಡನೆಯ ಸುತ್ತಿನ ಸರದಿಯನ್ನು ಕೇಳು. ಮೂರನೆಯ ಸುತ್ತಿನದಕ್ಕೆ ಇಳಿದರೂ ಒಪ್ಪಿಕೋ, ಮೆಕ್‌ಮಿಲನ್ ಹೇಗೂ ನಿನಗೇ ಬರುತ್ತಾನೆ. ಆದರೆ ಮೂರನೆಯ ಆಯ್ಕೆ ಮುಗಿಯುವ ಮೊದಲು ಈ ಮಾತುಕತೆಗೆ ಕೂರಬೇಡ. ರಾಯರು ಮನಸ್ಸು ಬದಲಿಸಿ ವಾರ್ಡ್‌ನನ್ನು ಬಿಟ್ಟರೆ ನಿನ್ನ ನಾಲ್ಕನೆಯ ಸರದಿಯ ಬೆಲೆಯೇ ಬೇರೆಯಾಗುತ್ತದೆ. ಪ್ರತಿ ಆಯ್ಕೆಗೂ ಎಂಟು ಗಂಟೆಗಳ ಅವಕಾಶವಿದೆ, ಆಗ ಗಾಬರಿಯಿಂದ ಗುಂಡಿ ಒತ್ತದೆ ಮೊದಲು ನನಗೆ ಫೋನ್ ಮಾಡು. ಕ್ವಾರ್ಟರ್‌ಬ್ಯಾಕ್ ಬೇಕಾಗಿರುವ ಇನ್ನೂ ಇಬ್ಬರು ಆ ಲೀಗಿನಲ್ಲಿದ್ದಾರೆ, ಅವರ ಜೊತೆ ಹೇಗೆ ಮಾತನಾಡಬೇಕೆಂದು ಆಗ ಹೇಳುತ್ತೇನೆ.