ಸಿ-60 ಹರಳು ಬೆಳಿಗ್ಗೆ ಮೆತ್ತಗೆ, ಸಂಜೆ ಗಟ್ಟಿ. ಅನುಭವ ಇದ್ದವರು ಹೇಳಿ

ಹೊಸ ಸ್ಕಾಲರ್: ಸಿ-60 (ಅರವತ್ತು ಕಾರ್ಬನ್ ಪರಮಾಣು ಸೇರಿದ ಚೆಂಡಿನಂಥ ಅಣು) ಹರಳಿನ ವಿಕರ್ಸ್ ಗಡಸುತನ ಅಳೆಯುತ್ತಿದ್ದೇನೆ, ಅಂದರೆ ವಜ್ರದ ಮೊನೆ ಒತ್ತಿ ಬಿದ್ದ ಗುರುತು ಅಳೆಯೋದು; ಗುರುತು ಚಿಕ್ಕದಾದಷ್ಟೂ ಹರಳು ಗಟ್ಟಿ. ಹರಳು ಅದೇ, ಲೋಡ್ ಅದೇ, ಆದರೆ ಸಂಜೆ ಹೊತ್ತಿಗೆ ಅಂಕಿ ಏರಿರುತ್ತೆ. ಕತ್ತಲಲ್ಲಿ ಅಳೆಯಬೇಕಾ, ತಣ್ಣಗೆ ಮಾಡಿ ಅಳೆಯಬೇಕಾ? ಶುಕ್ರವಾರ ಗೈಡ್‌ಗೆ ತೋರಿಸಬೇಕು.

ಕತ್ತಲಕೋಣೆ: ನನ್ನ ಎಂಟು ತಿಂಗಳು ಬೆಳಕಿಗೇ ಹೋಯಿತು. ಮೈಕ್ರೋಸ್ಕೋಪಿನ ಹ್ಯಾಲೊಜನ್ ದೀಪ ಹಚ್ಚಿಟ್ಟೇ ಊಟಕ್ಕೆ ಹೋಗುತ್ತಿದ್ದೆ. ಬಂದು ನೋಡಿದರೆ ಗುರುತು ಚಿಕ್ಕದು, ಮೂಲೆಗಳಲ್ಲಿ ಬಿರುಕು. ಬೆಳಕಿಗೆ ಪಕ್ಕಪಕ್ಕದ ಚೆಂಡುಗಳು ಒಂದಕ್ಕೊಂದು ಬೆಸೆದು ಪಾಲಿಮರ್ ಆಗುತ್ತವೆ, ಆಮೇಲೆ ಪದರಗಳು ಸುಲಭವಾಗಿ ಜಾರುವುದಿಲ್ಲ. ಕೊನೆಗೆ ಒಂದು ಹರಳನ್ನು ಟೊಲ್ವೀನ್‌ಗೆ (ಸಿ-60 ಕರಗಿಸುವ ದ್ರಾವಕ) ಹಾಕಿದೆ. ಒಳಗಿನದು ನೇರಳೆ ಬಣ್ಣ ಬಿಟ್ಟು ಕರಗಿತು, ಪಾಲಿಮರ್ ಆಗಿದ್ದ ಮೇಲಿನ ತೆಳು ಸಿಪ್ಪೆ ಮಾತ್ರ ಕರಗದೆ ಹಾಗೇ ಉಳಿಯಿತು. ಅಷ್ಟರಲ್ಲಿ ಹನ್ನೊಂದು ಹರಳು ಹಾಳಾಗಿದ್ದವು.

ನೈಟ್ರೋಜನ್ ಕ್ಯಾನ್: ಎಲ್ಲಕ್ಕೂ ಬೆಳಕು ಅಂದರೆ ಹೇಗೆ? ಮುಖ್ಯ ಇರುವುದು 260 ಕೆಲ್ವಿನ್ ಹತ್ತಿರ, ಅಂದರೆ ಮೈನಸ್ 13 ಡಿಗ್ರಿ. ಅದರ ಮೇಲೆ ಚೆಂಡುಗಳು ಬುಗುರಿ ಹಾಗೆ ತಿರುಗುತ್ತಿರುತ್ತವೆ, ಹರಳು ಮೆತ್ತಗೆ. ಕೆಳಗೆ ಹೋದರೆ ತಿರುಗಾಟಕ್ಕೆ ಕಡಿವಾಣ ಬೀಳುತ್ತೆ, ಹರಳು ಗಟ್ಟಿಯಾಗುತ್ತೆ. ಇದನ್ನು ಹಿಡಿಯೋಕೆ ನಾನು ವಾರಕ್ಕೆ ಎರಡು ಕ್ಯಾನ್ ದ್ರವ ನೈಟ್ರೋಜನ್ ಸುರಿದಿದ್ದೇನೆ, ಅದೂ ಎರಡನೇ ಮಹಡಿಗೆ ನಾನೇ ಹೊತ್ತು. ಒಂದು ಸಲ ಬೇಗ ತಣಿಸಿದೆ. ಆ ಬದಲಾವಣೆಯಲ್ಲಿ ಹರಳಿನ ಗಾತ್ರ ಒಂದು ಪರ್ಸೆಂಟ್ ಹತ್ತಿರ ಕುಗ್ಗುತ್ತೆ, ಅಷ್ಟಕ್ಕೇ ನಡುವೆ ಸೀಳಿತು. ನನ್ನ ಹತ್ತಿರ ಇದ್ದ ದೊಡ್ಡ ಹರಳು ಅದೊಂದೇ.

ಕತ್ತಲಕೋಣೆ: ಅವರು ಅಳೆಯುತ್ತಿರುವುದು ರೂಮಿನ ಬಿಸಿಯಲ್ಲಿ ಸ್ವಾಮಿ! ಬೆಳಿಗ್ಗೆಯಿಂದ ಸಂಜೆಗೆ ಬೆಂಗಳೂರು ಮೈನಸ್ 13ಕ್ಕೆ ಇಳಿಯುತ್ತಾ? ಚೆಂಡು ತಿರುಗುತ್ತಿದ್ದರೇ ಬೆಸುಗೆ ಸುಲಭ, ತಣ್ಣಗೆ ಮಾಡಿದರೆ ಬೆಳಕಿನ ಆಟವೂ ನಿಲ್ಲುತ್ತೆ. ಎರಡೂ ಬೇರೆ ಬೇರೆ ಕಾರಣ, ಕಲಸಬೇಡಿ.

ಕ್ವಾರ್ಟ್ಸ್ ಟ್ಯೂಬ್: ಮೊದಲು ಹರಳು ಎಲ್ಲಿಂದ ಬಂತು ಕೇಳಿ. ದ್ರಾವಣದಲ್ಲಿ ಬೆಳೆಸಿದ್ದರೆ ಒಳಗೆ ದ್ರಾವಕ ಉಳಿದಿರುತ್ತೆ, ಆ ಅಂಕಿ ನಂಬಬೇಡಿ. ನಾನು ಆವಿಯಿಂದಲೇ ಬೆಳೆಸೋದು. ಸೀಲ್ ಮಾಡಿಸಿದ ಮೂರು ಟ್ಯೂಬಲ್ಲಿ ಎರಡು ಒಡೆದವು, 5,400 ರೂಪಾಯಿ ನನ್ನ ಫೆಲೋಶಿಪ್ಪಿಂದ ಹೋಯಿತು. ಗಾಳಿಯ ಆಮ್ಲಜನಕ ಹೊಕ್ಕರೂ ಹರಳು ಗಟ್ಟಿಯಾಗುತ್ತೆ, ಇದನ್ನು ಯಾರೂ ಹೇಳಲೇ ಇಲ್ಲ.

ರಾಮನ್ ರೂಮು: ಸುಮ್ನೆ ಜಗಳ ಯಾಕೆ? ರಾಮನ್ (ಲೇಸರ್ ಬಿಟ್ಟು, ಚದುರಿದ ಬೆಳಕಿನಲ್ಲಿ ಅಣುವಿನ ಕಂಪನದ ಗೆರೆ ನೋಡುವ ಪರೀಕ್ಷೆ) ತೆಗೆಯಿರಿ. 1469ರ ಗೆರೆ 1459ರ ಹತ್ತಿರ ಸರಿದಿದ್ದರೆ ಪಾಲಿಮರ್ ಆಗಿದೆ ಅಂತ.

ಕತ್ತಲಕೋಣೆ: ನಿಮ್ಮ ರೂಮಿನವರು ಹಸಿರು ಲೇಸರನ್ನು ಪೂರ್ತಿ ಪವರ್‌ನಲ್ಲಿ ಬಿಟ್ಟು ನನ್ನ ಕೊನೆಯ ಒಳ್ಳೆ ಹರಳನ್ನೇ ಪಾಲಿಮರ್ ಮಾಡಿ ಕೊಟ್ಟರು. ಪವರ್ ಎಷ್ಟು ಅಂತ ಲಾಗ್ ಪುಸ್ತಕದಲ್ಲೂ ಬರೆದಿರಲಿಲ್ಲ.

ರಾಮನ್ ರೂಮು: ಕಡಿಮೆ ಪವರ್ ಇಡಿ ಅಂತ ಫಾರ್ಮಲ್ಲಿ ಬರೆಯಬೇಕಾದವರು ನೀವು.

ಕ್ವಾರ್ಟ್ಸ್ ಟ್ಯೂಬ್: ಕತ್ತಲಲ್ಲಿ, ವ್ಯಾಕ್ಯೂಮ್‌ನಲ್ಲಿ 200 ಡಿಗ್ರಿಗೆ ಕಾಯಿಸಿದ್ದರೆ ಆ ಬೆಸುಗೆ ಬಿಡುತ್ತಿತ್ತು. ಎಸೆದುಬಿಟ್ಟಿರಾ?

ಕತ್ತಲಕೋಣೆ: ಟೊಲ್ವೀನ್‌ಗೆ ಹಾಕಿದ ಹನ್ನೊಂದನೆಯದು ಅದೇ.