ರಾಜ್ಯೋತ್ಸವ ನಡೆಸೋಣವೇ ಬೇಡವೇ? ಮೊದಲು ಬಾಗಿಲಿನ ಲೆಕ್ಕ ಹಾಕಿ

ಇಂಗ್ಲೆಂಡಿನ ಲೀಡ್ಸ್‌ನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ನವೆಂಬರ್ ರಾಜ್ಯೋತ್ಸವಕ್ಕೆ ಸುಮಾರು 600 ಜನ ಹಿಡಿಸುವ ಸಭಾಂಗಣ ನೋಡಿದ್ದೇವೆ. ಮುಂಗಡ ಕೊಡುವ ಹೊತ್ತಿಗೆ ಸಮಿತಿ ಎರಡಾಗಿದೆ. ಎಲ್ಲೆಲ್ಲೂ ಯುದ್ಧದ ಸುದ್ದಿ, ದಾಳಿಯ ಭಯ. ಇಂಥ ಹೊತ್ತಲ್ಲಿ ಹಾಡು ಕುಣಿತ ಬೇಡ, ಚಿಕ್ಕದಾಗಿ ಭುವನೇಶ್ವರಿ ಪೂಜೆ ಮಾಡಿ ಮುಗಿಸೋಣ ಎನ್ನುವವರು ಕೆಲವರು. ಮಕ್ಕಳು ತಿಂಗಳುಗಟ್ಟಲೆ ಕಲಿತಿದ್ದಾರೆ, ಅವರು ಕನ್ನಡದಲ್ಲಿ ವೇದಿಕೆ ಹತ್ತುವುದೇ ವರ್ಷಕ್ಕೊಮ್ಮೆ ಎನ್ನುವವರು ಇನ್ನು ಕೆಲವರು. ಬಂದೋಬಸ್ತಿನ ಕೆಲಸ ಬಲ್ಲವರು ದಯವಿಟ್ಟು ತಿಳಿಸಿ, ಏನನ್ನು ನೋಡಿ ತೀರ್ಮಾನಿಸಬೇಕು?

ಮ್ಯಾಂಚೆಸ್ಟರ್‌ನಿಂದ:

ಅಕ್ಕಾ, ನಡೆಸಿ ಎಂದೇ ನಾನು ಹೇಳುತ್ತೇನೆ. ಆದರೆ ಎಷ್ಟು ದೊಡ್ಡದಾಗಿ ಎಂಬುದನ್ನು ಉತ್ಸಾಹದ ಮೇಲೆ ನಿರ್ಧರಿಸಬೇಡಿ. ಆ ಸಭಾಂಗಣದ ಬಾಗಿಲುಗಳು ಎಷ್ಟು, ಅಲ್ಲಿ ನಿಲ್ಲಿಸಲು ನಿಮ್ಮಲ್ಲಿ ಜನ ಎಷ್ಟು ಎಂಬುದರ ಮೇಲೆ ನಿರ್ಧರಿಸಿ.

ಮೊದಲು ಭಯವನ್ನು ಎರಡಾಗಿ ಬಿಡಿಸಿಕೊಳ್ಳಿ. ಒಂದು, ದೇಶಕ್ಕೆಲ್ಲ ಅನ್ವಯಿಸುವ ಎಚ್ಚರಿಕೆ. ಬ್ರಿಟನ್ನಿನಲ್ಲಿ ಅದಕ್ಕೆ ಲೋ, ಮಾಡರೇಟ್, ಸಬ್‌ಸ್ಟಾನ್ಷಿಯಲ್, ಸಿವಿಯರ್, ಕ್ರಿಟಿಕಲ್ ಎಂದು ಕೆಳಗಿನಿಂದ ಮೇಲಕ್ಕೆ ಐದು ಹಂತ. ಇನ್ನೊಂದು, ಇಂಥದೇ ಕಾರ್ಯಕ್ರಮಕ್ಕೆ ಅಪಾಯವಿದೆ ಎಂದು ಪೊಲೀಸರಿಗೆ ಸಿಕ್ಕ ಸುಳಿವು. 2024ರ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಮೂರು ಕಾರ್ಯಕ್ರಮ ರದ್ದಾದದ್ದು ಎರಡನೆಯ ಕಾರಣಕ್ಕೆ. ಸಂಚಿನ ಶಂಕೆಯಲ್ಲಿ ಬಂಧನಗಳೂ ಆಗಿದ್ದವು. ಅದೇ ತಿಂಗಳು ಲಂಡನ್ನಿನ ವೆಂಬ್ಲಿಯಲ್ಲಿ ಅವರ ಕಾರ್ಯಕ್ರಮಗಳು ನಡೆದವು. ನಮ್ಮ ಮ್ಯಾಂಚೆಸ್ಟರ್‌ನಲ್ಲೇ ಅರೀನಾ ಎಂಬ ದೊಡ್ಡ ಸಭಾಂಗಣದಲ್ಲಿ ಸಂಗೀತ ಕಾರ್ಯಕ್ರಮದ ಹೊತ್ತಿಗೆ ಆದ 2017ರ ಮೇ 22ರ ಬಾಂಬ್ ದಾಳಿಗೆ 22 ಜನ ಬಲಿಯಾದರು; ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 4ರಂದು, ಓಲ್ಡ್ ಟ್ರಾಫರ್ಡ್ ಕ್ರಿಕೆಟ್ ಮೈದಾನದಲ್ಲಿ ಸಂತ್ರಸ್ತರಿಗಾಗಿ ದೊಡ್ಡ ಸಂಗೀತ ಕಾರ್ಯಕ್ರಮ ಮಾಡಿದರು. ಅದರ ಹಿಂದಿನ ರಾತ್ರಿಯಷ್ಟೇ ಲಂಡನ್ ಬ್ರಿಡ್ಜ್ ದಾಳಿ ಆಗಿತ್ತು. ಆದರೂ ನಿಲ್ಲಿಸಲಿಲ್ಲ, ಬಂದೋಬಸ್ತು ಬಿಗಿ ಮಾಡಿದರು. ಸುಳಿವಿದ್ದರೆ ಮರುಮಾತಿಲ್ಲದೆ ರದ್ದು ಮಾಡಿ. ಬರೀ ಸಾಮಾನ್ಯ ಭಯವಾದರೆ ಏರ್ಪಾಡು ಗಟ್ಟಿ ಮಾಡಿ.

ಈಗ ಬಾಗಿಲಿನ ವಿಷಯ. ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದದ್ದು ರಾತ್ರಿ 10.31ಕ್ಕೆ, ಕಾರ್ಯಕ್ರಮ ಮುಗಿದ ಮೇಲೆ, ಸಿಟಿ ರೂಮ್ ಎಂಬ ಹೊರ ಮೊಗಸಾಲೆಯಲ್ಲಿ. ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ನಿಂತಿದ್ದ ಜಾಗ ಅದು. ವಿಯೆನ್ನಾದಲ್ಲೂ ಗುರಿ ಕ್ರೀಡಾಂಗಣದ ಹೊರಗೆ ಸೇರುವವರು ಎಂದೇ ಅಲ್ಲಿನ ಅಧಿಕಾರಿಗಳು ಹೇಳಿದರು. 2015ರ ನವೆಂಬರ್ 13ರಂದು ಪ್ಯಾರಿಸ್ಸಿನ ಸ್ಟೇಡ್ ದೆ ಫ್ರಾನ್ಸ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುತ್ತಿದ್ದಾಗ ಸ್ಫೋಟಗಳಾದದ್ದು ಹೊರಗಡೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2010ರ ಏಪ್ರಿಲ್ 17ರ ಬಾಂಬುಗಳು ಇದ್ದದ್ದು ಗೇಟು, ಕಾಂಪೌಂಡಿನ ಹತ್ತಿರ. ಅದೇ ಕ್ರೀಡಾಂಗಣದ ಗೇಟುಗಳಲ್ಲಿ 2025ರ ಜೂನ್ 4ರಂದು ಬಾಂಬೂ ಇಲ್ಲ, ಭಯೋತ್ಪಾದಕನೂ ಇಲ್ಲ, ನೂಕುನುಗ್ಗಲಿಗೇ 11 ಜನ ತೀರಿಕೊಂಡರು. ಪ್ಯಾರಿಸ್ಸಿನ ಬಟಾಕ್ಲಾನ್ ಸಂಗೀತ ಸಭಾಂಗಣ, ಮಾಸ್ಕೋದ ಕ್ರೋಕಸ್ ಸಿಟಿ ಹಾಲ್ ದಾಳಿಗಳು ಒಳಗೇ ನಡೆದವು ನಿಜ. ಅಲ್ಲೂ ಜೀವ ಉಳಿಸಿದ್ದು ಹೊರಹೋಗುವ ದಾರಿಯೇ. ನಮ್ಮ ಸಂಘಗಳು ವೇದಿಕೆ ಅಲಂಕಾರಕ್ಕೆ ಇಪ್ಪತ್ತು ಜನರನ್ನು ಹಾಕಿ ಬಾಗಿಲುಗಳಿಗೆಲ್ಲ ಸೇರಿ ಇಬ್ಬರು ಹುಡುಗರನ್ನು ನಿಲ್ಲಿಸುತ್ತವೆ. ಮೊದಲು ಬದಲಾಗಬೇಕಾದ್ದು ಇದು.

ಚೀಲ ನೋಡುವುದಾದರೆ ಲೆಕ್ಕ ಹಾಕಿ. 600 ಜನರಲ್ಲಿ 300 ಚೀಲ ಎಂದುಕೊಳ್ಳಿ, ಒಂದಕ್ಕೆ 15 ಸೆಕೆಂಡು. ಒಂದೇ ಮೇಜಿದ್ದರೆ 75 ನಿಮಿಷ, ಎರಡಿದ್ದರೆ 38 ನಿಮಿಷ. ಕಾರ್ಯಕ್ರಮ ನಾಲ್ಕಕ್ಕೆ, ಬಾಗಿಲು ತೆರೆಯುವುದು ಮೂರೂವರೆಗೆ ಎಂದರೆ ಎರಡು ಮೇಜಿದ್ದರೂ ಸಾಲು ರಸ್ತೆಗೆ ಬರುತ್ತದೆ, ತಪಾಸಣೆಯೇ ಹೊಸ ಗುಂಪು ಕಟ್ಟುತ್ತದೆ. ಎರಡೂವರೆಗೆ ತೆರೆಯಿರಿ. ಕೈಚೀಲಕ್ಕಿಂತ ದೊಡ್ಡದು ಬೇಡ ಎಂದು ಟಿಕೆಟ್ಟಿನಲ್ಲೇ ಬರೆಯಿರಿ. ಚೀಲ ತಾರದವರಿಗೆ ಬೇರೆ ಸಾಲು ಮಾಡಿದರೆ ಅರ್ಧ ಗಲಾಟೆ ಕಡಿಮೆ. ನಮ್ಮ ಕಾರ್ಯಕ್ರಮಗಳ ನಿಜವಾದ ತೊಡಕು ಪ್ರೇಕ್ಷಕರ ಚೀಲವಲ್ಲ, ಭರತನಾಟ್ಯದ ಸೂಟ್‌ಕೇಸು, ತಬಲಾ, ಊಟದ ಡಬ್ಬಿ, ಪ್ರಸಾದದ ರಟ್ಟಿನ ಪೆಟ್ಟಿಗೆ. ಅವೆಲ್ಲ ಮಧ್ಯಾಹ್ನದೊಳಗೆ ಹಿಂಬಾಗಿಲಿಂದ ಬರಲಿ. ಪ್ರತಿಯೊಂದರ ಮೇಲೂ ತಂಡದ ಹೆಸರು, ಫೋನ್ ನಂಬರಿನ ಚೀಟಿ ಇರಲಿ. ಬೀಗ ಹಾಕುವ ಕೋಣೆಯಲ್ಲಿಡಿ. ಚೀಟಿ ಇಲ್ಲದ ಚೀಲ ಕಂಡರೆ ಮೂರು ಪ್ರಶ್ನೆ: ಬೇಕೆಂದೇ ಅಡಗಿಸಿಟ್ಟಂತಿದೆಯೇ, ತಂತಿ ಬ್ಯಾಟರಿಯಂಥದ್ದು ಎದ್ದು ಕಾಣುತ್ತಿದೆಯೇ, ಆ ಜಾಗದಲ್ಲಿ ಸಹಜವಾಗಿ ಇರುವಂಥದ್ದೇ? ಅನುಮಾನ ಉಳಿದರೆ ಮುಟ್ಟಬೇಡಿ. ಅದರಿಂದ 15 ಮೀಟರಿನೊಳಗೆ ಫೋನು, ವಾಕಿಟಾಕಿ ಬಳಸಬೇಡಿ. ಬೆನ್ನಚೀಲದಷ್ಟಿದ್ದರೆ ಜನರನ್ನು 100 ಮೀಟರ್, ಸೂಟ್‌ಕೇಸಿನಷ್ಟಿದ್ದರೆ 200 ಮೀಟರ್ ದೂರ ಕಳಿಸಿ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ.

ಸ್ವಯಂಸೇವಕರಿಗೆ ತಪ್ಪದೆ ಹೇಳಬೇಕಾದ ಒಂದು ಮಾತಿದೆ. ಮ್ಯಾಂಚೆಸ್ಟರ್ ವಿಚಾರಣಾ ವರದಿಯ ಪ್ರಕಾರ ದಾಳಿಕೋರನ ದೊಡ್ಡ ಬೆನ್ನಚೀಲ ನೋಡಿ ಒಬ್ಬ ಪೋಷಕರು ಸಿಬ್ಬಂದಿಗೆ ದೂರು ಹೇಳಿದ್ದರು. ಸಿಸಿಟಿವಿ ಕಣ್ಣಿಗೆ ಬೀಳದ ಮೂಲೆಯಲ್ಲಿ ಅವನು ಕಾಯುತ್ತಿದ್ದ. ಎಳೆಯ ವಯಸ್ಸಿನ ಕಾವಲುಗಾರನೊಬ್ಬ, ತನ್ನನ್ನು ಜನಾಂಗೀಯವಾದಿ ಎಂದುಬಿಟ್ಟಾರು ಎಂಬ ಅಳುಕಿನಿಂದ ಅವನನ್ನು ಮಾತಾಡಿಸಲಿಲ್ಲ. ಕಂದು ಬಣ್ಣದ ನಮ್ಮ ಮಕ್ಕಳು ಬೆಳೆಯುತ್ತಿರುವ ಊರಲ್ಲಿ ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬಣ್ಣ, ಉಡುಪು, ಗಡ್ಡ ನೋಡುವುದಲ್ಲ, ನಡೆ ನೋಡುವುದು: ಬಾಗಿಲುಗಳ ವಿಡಿಯೊ ಮಾಡುವವರು, ಒಳಗೆ ಬಾರದೆ ಸುತ್ತುತ್ತಲೇ ಇರುವವರು, ಭದ್ರತೆಯ ಬಗ್ಗೆ ಅತಿಯಾಗಿ ಕೇಳುವವರು. ಅಂಥವರ ಬಳಿ ಹೋಗಿ "ನಮಸ್ಕಾರ, ಏನಾದರೂ ಸಹಾಯ ಬೇಕಾ?" ಎಂದು ಕೇಳುವುದೇ ಮೊದಲ ಹೆಜ್ಜೆ. ಉತ್ತರ ಸರಿಹೋಗದಿದ್ದರೆ ಮೇಲಿನವರಿಗೆ ತಿಳಿಸಬೇಕು. ಹಿಂಜರಿಕೆ ಬೇಡ.

ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಒಬ್ಬರಿಗೇ ಇರಲಿ. ಅಧ್ಯಕ್ಷರು ಬೇಡ, ಅವರು ಅತಿಥಿಗಳ ಜೊತೆ ವೇದಿಕೆಯಲ್ಲಿರುತ್ತಾರೆ. ಘೋಷಣೆಯ ಮಾತು ಮೊದಲೇ ಬರೆದು ಸೌಂಡ್ ಟೇಬಲ್ಲಿಗೆ ಅಂಟಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಊರಿಂದ ಬಂದ ಅಜ್ಜ ಅಜ್ಜಿಯರು ಮುಂದಿನ ಸಾಲಲ್ಲೇ ಕೂತಿರುತ್ತಾರೆ. ಇಂಗ್ಲಿಷ್ ಘೋಷಣೆ ಅರ್ಥವಾಗದೆ, ಎಲ್ಲರೂ ಎದ್ದು ಓಡುವುದನ್ನು ಕಂಡು ಗಾಬರಿಯಾಗಿ ಬೀಳುವವರು ಅವರೇ. "ಸಂಗೀತ ನಿಲ್ಲಿಸಿದ್ದೇವೆ. ಎಡಗಡೆಯ ಎರಡು ಬಾಗಿಲಿಂದ ಹೊರಗೆ ನಡೆಯಿರಿ. ಚೀಲ ಬಿಡಿ, ಮಕ್ಕಳ ಕೈ ಹಿಡಿಯಿರಿ." ಇಷ್ಟೇ ಸಾಕು. ಹೊರಗೇ ಅಪಾಯವಿದ್ದಾಗ ಹೇಳಬೇಕಾದ, ಒಳಗೇ ಉಳಿಸಿಕೊಳ್ಳುವ ಇನ್ನೊಂದು ಘೋಷಣೆಯೂ ಬೇಕು. ಪ್ಯಾರಿಸ್ಸಿನ ಆ ರಾತ್ರಿ ಪಂದ್ಯ ಮುಗಿಸಿ ಜನರನ್ನು ಮೈದಾನದಲ್ಲೇ ಇರಿಸಿಕೊಂಡರು. ಬೆಂಕಿಯ ಅಲಾರಂ ಒತ್ತಿಬಿಟ್ಟಿದ್ದರೆ ಎಲ್ಲರೂ ಅಪಾಯದ ಕಡೆಗೇ ನುಗ್ಗುತ್ತಿದ್ದರು.

ಆಂಬುಲೆನ್ಸ್ ಐದು ನಿಮಿಷದಲ್ಲಿ ಬರುತ್ತದೆ ಎಂದು ನಂಬಿ ಕೂರಬೇಡಿ. ಅರೀನಾದಲ್ಲಿ ಮೊದಲ 40 ನಿಮಿಷದಷ್ಟು ಕಾಲ ಸಿಟಿ ರೂಮಿನೊಳಗಿದ್ದ ಪ್ಯಾರಾಮೆಡಿಕ್ (ಆಂಬುಲೆನ್ಸಿನ ತುರ್ತು ಚಿಕಿತ್ಸಕರು) ಒಬ್ಬರೇ; ಅಗ್ನಿಶಾಮಕ ದಳ ತಲುಪಿದ್ದು ಎರಡು ಗಂಟೆಯ ಮೇಲೆ. ನಮ್ಮ ಸಂಘಗಳಲ್ಲಿ ವೈದ್ಯರಿಗೆ ಬರವಿಲ್ಲ, ಬರ ಇರುವುದು ಸಾಮಗ್ರಿಗೆ. ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಗಾಯದೊಳಗೆ ತುಂಬುವ ಗಾಜ್, ಒತ್ತುಪಟ್ಟಿ, ಕೈಗವಸು, ಕತ್ತರಿ, ಮಾರ್ಕರ್ ಪೆನ್ನು ಇರುವ ಎರಡು ಚೀಲ ಬೇಕು, ಒಂದು ವೇದಿಕೆಯ ಬಳಿ, ಇನ್ನೊಂದು ಹೊರಬಾಗಿಲಲ್ಲಿ. ರಕ್ತ ಚಿಮ್ಮುತ್ತಿದ್ದರೆ ಗಾಯದ ಮೇಲೆ ನೇರವಾಗಿ ಗಟ್ಟಿಯಾಗಿ ಒತ್ತಬೇಕು. ಕೈಕಾಲಿನಲ್ಲಿ ನಿಲ್ಲದಿದ್ದರೆ ಟೂರ್ನಿಕೆಯನ್ನು ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಮೊಣಕಾಲು ಮೊಣಕೈ ಕೀಲು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿದು ಸಮಯ ಬರೆಯಬೇಕು. ಅರ್ಧಂಬರ್ಧ ಬಿಗಿದರೆ ರಕ್ತಸ್ರಾವ ಇನ್ನೂ ಹೆಚ್ಚುತ್ತದೆ.

ಲಂಡನ್‌ನಿಂದ, ಮಕ್ಕಳ ಕಾರ್ಯಕ್ರಮಗಳ ಸಂಯೋಜಕಿ:

ಮೇಲೆ ಸಾರ್ ಹೇಳಿದ್ದಕ್ಕೆ ಮಕ್ಕಳ ಕಡೆಯದ್ದನ್ನು ಸೇರಿಸುತ್ತೇನೆ. ನೃತ್ಯ ಮುಗಿದ ತಕ್ಷಣ ಅಪ್ಪ ಅಮ್ಮಂದಿರು ಗ್ರೀನ್ ರೂಮಿನ ಬಾಗಿಲಿಗೆ ಮುತ್ತಿಗೆ ಹಾಕುವುದನ್ನು ನಿಲ್ಲಿಸಿ. ಮಕ್ಕಳನ್ನು ಮೊಗಸಾಲೆಯಲ್ಲಿ ಒಪ್ಪಿಸಬೇಡಿ, ಆಸನಕ್ಕೇ ತಂದು ಒಪ್ಪಿಸಿ. ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು, ಅವರ ಕೈಯಲ್ಲಿ ಕಾಗದದ ಪಟ್ಟಿ. ಫೋನಿನಲ್ಲಿರುವ ಪಟ್ಟಿ ಬೇಡ, ತುರ್ತಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮಣಿಕಟ್ಟಿನ ಪಟ್ಟಿಯಲ್ಲಿ ಪೋಷಕರ ನಂಬರು ಒಳಮೈಯಲ್ಲಿರಲಿ, ಮಗುವಿನ ಹೆಸರು ಹೊರಗೆ ಕಾಣದಿರಲಿ. ಪೋಷಕರಿಗೂ ಮೊದಲೇ ತಿಳಿಸಿ: ತೆರವು ಮಾಡಿಸುವಾಗ ವೇದಿಕೆಯ ಹಿಂದಿನ ಮಕ್ಕಳು ಅವರ ತಂಡದ ಜೊತೆಗೇ ಹಿಂಬಾಗಿಲಿಂದ ಹೊರಗೆ ಬರುತ್ತಾರೆ, ಇಂಥ ಜಾಗದಲ್ಲಿ ಸಿಗುತ್ತಾರೆ. ಇದು ಗೊತ್ತಿಲ್ಲದಿದ್ದರೆ ನೂರು ಜನ ಹರಿವಿಗೆ ಎದುರಾಗಿ ವೇದಿಕೆಯತ್ತ ಓಡುತ್ತಾರೆ.

ಮಕ್ಕಳಿಗೆ ಏನು ಹೇಳಬೇಕು ಎಂದು ಅನೇಕರು ಕೇಳುತ್ತಾರೆ. ಹತ್ತು ವರ್ಷದೊಳಗಿನವರಿಗೆ ಎರಡೇ ಮಾತು: ಹಳದಿ ಜಾಕೆಟ್ ಹಾಕಿದವರು ಹೇಳಿದ ಹಾಗೆ ಕೇಳು, ನಿನ್ನ ಗುಂಪು ಬಿಡಬೇಡ. ಹನ್ನೊಂದು ದಾಟಿದವರಿಗೆ ಇಲ್ಲಿನ ಪೊಲೀಸರ "ರನ್, ಹೈಡ್, ಟೆಲ್" ಹೇಳಿಕೊಡಬಹುದು: ಓಡಲು ಆದರೆ ಓಡು, ಆಗದಿದ್ದರೆ ಅಡಗಿ ಫೋನ್ ಸೈಲೆಂಟ್ ಮಾಡು, ಆಮೇಲೆ 999ಕ್ಕೆ ತಿಳಿಸು. ದಾಳಿಯ ವಿಡಿಯೊಗಳನ್ನು ಮನೆಯ ವಾಟ್ಸಾಪ್‌ನಿಂದ ದೂರವಿಡಿ. ಶತ್ರುದೇಶದವರನ್ನು ಹಂಗಿಸುವ ಕಿರುನಾಟಕಗಳನ್ನು ಈ ಸಮಯದಲ್ಲಿ ದಯವಿಟ್ಟು ಕೈಬಿಡಿ. ಸೋಮವಾರ ನಿಮ್ಮ ಮಗಳು ಶಾಲೆಯಲ್ಲಿ ಆ ದೇಶದ ಮಗುವಿನ ಪಕ್ಕದಲ್ಲೇ ಕೂರಬೇಕು.

ಶೋಕವಿರುವಾಗ ಸಂಭ್ರಮ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಆಚರಣೆಯ ರೂಪದಲ್ಲಿ. 2025ರ ಪಹಲ್ಗಾಮ್ ದಾಳಿಯ ಮರುದಿನ ಹೈದರಾಬಾದಿನ ಐಪಿಎಲ್ ಪಂದ್ಯ ನಡೆಯಿತು, ಆದರೆ ಆಟಗಾರರು ಕಪ್ಪು ಪಟ್ಟಿ ಕಟ್ಟಿದರು, ಮೌನ ಆಚರಿಸಿದರು, ಚಿಯರ್‌ಲೀಡರ್‌ಗಳು, ಪಟಾಕಿ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಮಧ್ಯಾಹ್ನದ ಕಛೇರಿಗಳು 1946ರವರೆಗೂ ನಡೆದವು. ಬಾಂಬ್ ದಾಳಿ ಜೋರಾದಾಗ ನೆಲಮಾಳಿಗೆಯ ಆಶ್ರಯಕ್ಕೆ ಇಳಿದವು, ಸಂಜೆ ಬದಲು ಮಧ್ಯಾಹ್ನವನ್ನೇ ಆರಿಸಿಕೊಂಡಿದ್ದಕ್ಕೂ ರಾತ್ರಿ ಹೊರಗೆ ಬೆಳಕು ಕಾಣದಂತೆ ಕತ್ತಲೆ ಮಾಡಬೇಕೆಂಬ ಯುದ್ಧಕಾಲದ ನಿಯಮ ಒಂದು ಕಾರಣ. ನೀವೂ ಡಿಜೆ, ಪಟಾಕಿ ತೆಗೆಯಿರಿ; ಮಕ್ಕಳ ಹಾಡು, ನಾಟಕ ಉಳಿಸಿಕೊಳ್ಳಿ; ಮಧ್ಯಾಹ್ನ ಶುರುಮಾಡಿ ಬೇಗ ಮುಗಿಸಿ.

ದುಬೈನಿಂದ:

ಲೀಡ್ಸ್ ಮೇಡಂ, ಬೆಂಗಳೂರಿಂದ ಕಲಾವಿದರನ್ನು ಕರೆಸುವುದಾದರೆ ಹಣದ ಕಡೆ ನೋಡಿಕೊಳ್ಳಿ. 2025ರ ಮೇ ತಿಂಗಳಲ್ಲಿ ಭಾರತದ ಉತ್ತರ, ಪಶ್ಚಿಮ ಭಾಗದ 32 ವಿಮಾನ ನಿಲ್ದಾಣಗಳು ಕೆಲವು ದಿನ ನಾಗರಿಕ ಸಂಚಾರಕ್ಕೆ ಮುಚ್ಚಿದ್ದವು. ಜೂನ್ 23ರಂದು ಕತಾರಿನ ಮೇಲೆ ಕ್ಷಿಪಣಿ ದಾಳಿಯಾದಾಗ ಇಲ್ಲಿನ ಕೊಲ್ಲಿ ವಾಯುಮಾರ್ಗವೂ ಗಂಟೆಗಳ ಕಾಲ ನಿಂತಿತು. ಬೆಂಗಳೂರು ನಿಲ್ದಾಣ ತೆರೆದಿದ್ದರೂ ಕೊಲ್ಲಿಯಲ್ಲಿ ವಿಮಾನ ಬದಲಿಸುವ ಕಲಾವಿದರು ದಾರಿಯಲ್ಲೇ ಉಳಿಯುತ್ತಾರೆ. ಕಾರ್ಯಕ್ರಮದ ಎರಡು ದಿನ ಮೊದಲೇ ಬರುವಂತೆ ಟಿಕೆಟ್ ಮಾಡಿಸಿ. ಸಂಭಾವನೆ ಮೂರು ಕಂತಿರಲಿ. ವಾಯುಮಾರ್ಗ ಮುಚ್ಚಿದರೆ, ಸರ್ಕಾರ ತಡೆದರೆ, ಸಭಾಂಗಣ ಹಿಂತೆಗೆದರೆ ಯಾರಿಗೆ ಎಷ್ಟು ಎಂದು ಒಪ್ಪಂದದಲ್ಲಿ ಒಂದೊಂದಾಗಿ ಬರೆಯಿರಿ. ವಿಮೆಯನ್ನು ಓದಿಯೇ ಕೊಳ್ಳಿ. ಸಾಮಾನ್ಯ ರದ್ದತಿ ವಿಮೆಯಲ್ಲಿ ಯುದ್ಧ ಹೊರಗಿರುತ್ತದೆ, ಭಯೋತ್ಪಾದನೆಗೆ ಬಹುಮಟ್ಟಿಗೆ ಬೇರೆ ಕಂತು ಕಟ್ಟಬೇಕು. "ಜನ ಹೆದರಿದ್ದಾರೆ, ಟಿಕೆಟ್ ಹೋಗುತ್ತಿಲ್ಲ" ಎಂದು ನೀವೇ ರದ್ದು ಮಾಡಿದರೆ ನಯಾಪೈಸೆ ಬಾರದು. ಸುದ್ದಿ ಬಂದ ಮೇಲೆ ಕೊಂಡ ವಿಮೆಯೂ ಆ ಘಟನೆಗೆ ಸಲ್ಲುವುದಿಲ್ಲ. ಇನ್ನೊಂದು: ಸಂತ್ರಸ್ತರಿಗೆ ನಿಧಿ ಎತ್ತುವುದಾದರೆ ಯುಎಇಯಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವುದೇ ಅಪರಾಧ, ಇಲ್ಲಿನ ಗೆಳೆಯರು ಡಬ್ಬಿ ಇಡಬೇಡಿ.

ಮ್ಯಾಂಚೆಸ್ಟರ್‌ನಿಂದ ಮತ್ತೆ:

ಕಾನೂನಿನ ಬಗ್ಗೆ ಖಾಸಗಿಯಾಗಿ ಕೇಳಿದವರಿಗೆ ಇಲ್ಲೇ ಉತ್ತರಿಸುತ್ತೇನೆ. ಅರೀನಾದಲ್ಲಿ ತೀರಿಕೊಂಡ ಮಾರ್ಟಿನ್ ಹೆಟ್ ಅವರ ತಾಯಿ ಫಿಗನ್ ಮರ್ರೆ ವರ್ಷಗಟ್ಟಲೆ ಹೋರಾಡಿ ತಂದ, ಜನ ಸೇರುವ ಜಾಗಗಳು ದಾಳಿಗೆ ಸಜ್ಜಾಗಿರಬೇಕು ಎನ್ನುವ ಕಾನೂನು "ಮಾರ್ಟಿನ್ಸ್ ಲಾ"ಗೆ 2025ರ ಏಪ್ರಿಲ್ 3ರಂದು ರಾಜಮುದ್ರೆ ಬಿತ್ತು. ಜಾರಿಗೆ ಕನಿಷ್ಠ 24 ತಿಂಗಳ ತಯಾರಿ ಅವಧಿ ಕೊಟ್ಟಿದ್ದಾರೆ. 200ರಿಂದ 799 ಜನ ಸೇರುವ ಸಭಾಂಗಣಗಳು ಒಂದು ದರ್ಜೆ: ಹೊರಗೆ ಕಳಿಸುವುದು, ಒಳಗೆ ಕರೆದುಕೊಳ್ಳುವುದು, ಬಾಗಿಲು ಭದ್ರಪಡಿಸುವುದು, ಮಾಹಿತಿ ಮುಟ್ಟಿಸುವುದು, ಈ ನಾಲ್ಕಕ್ಕೆ ಕ್ರಮ ಇರಬೇಕು. ಆ ಹೊಣೆ ಮುಖ್ಯವಾಗಿ ಸಭಾಂಗಣ ನಡೆಸುವವರದ್ದು. ಆದರೆ ಟಿಕೆಟ್ ನೋಡಿ ಒಳಬಿಡುವ ಬಯಲು ಮೇಳಕ್ಕೆ 800 ಅಥವಾ ಹೆಚ್ಚು ಜನ ಬರುವರೆಂದರೆ, ಆ ಜಾಗ ಯಾರ ಹತೋಟಿಯಲ್ಲಿದೆಯೋ ಅವರೇ ಹೊಣೆ. ಮೈದಾನ ಬಾಡಿಗೆಗೆ ಹಿಡಿದ ಸಂಘವೇ ಆಗಬಹುದು. ನಿಮ್ಮದು 600 ಆದ್ದರಿಂದ ಅಷ್ಟು ಭಾರವಿಲ್ಲ. ಜಾರಿಯಾಗಲಿ ಎಂದು ಕಾಯದೆ ಈಗಲೇ ಈ ನಾಲ್ಕನ್ನು ಅಭ್ಯಾಸ ಮಾಡಿ.

ಅಕ್ಕಾ, ಮುಂಗಡ ಕೊಡುವ ಮುನ್ನ ಸಭಾಂಗಣದ ವ್ಯವಸ್ಥಾಪಕರ ಜೊತೆ ಒಮ್ಮೆ ಒಳಗೆಲ್ಲ ನಡೆದು ನೋಡಿ. ಅತಿ ಅಗಲದ ಬಾಗಿಲು ಮುಚ್ಚಿದೆ ಎಂದುಕೊಂಡರೂ ಉಳಿದವುಗಳಿಂದ 600 ಜನ ಹೊರಬೀಳಬಹುದೇ ಎಂದು ಅವರ ಅಗ್ನಿಸುರಕ್ಷತಾ ಲೆಕ್ಕ ಕೇಳಿ. ಊಟದ ಮೇಜು, ಪುಸ್ತಕದ ಮಳಿಗೆ ಹಾಕುವ ಜಾಗ ಯಾವ ಬಾಗಿಲಿಗೂ ಅಡ್ಡ ಬಾರದಂತೆ ನಕ್ಷೆಯಲ್ಲೇ ಗುರುತಿಸಿ. ಹಿಂಬಾಗಿಲ ಬೀಗದ ಕೈ ಆ ಸಂಜೆ ಯಾರ ಬಳಿ ಇರುತ್ತದೆ, ಕಾರುಗಳು ಮಕ್ಕಳನ್ನಿಳಿಸುವ ಜಾಗ ಸಾಲಿನಿಂದ ದೂರವಿದೆಯೇ ಎಂಬುದನ್ನೂ ಬರೆದುಕೊಳ್ಳಿ. ಬಾಗಿಲಿಗಿಬ್ಬರಂತೆ, ಮೊಗಸಾಲೆಗೆ ನಾಲ್ವರಂತೆ ಜನ ಹೊಂದದಿದ್ದರೆ 600 ಟಿಕೆಟ್ ಮಾರಬೇಡಿ, 350ಕ್ಕೆ ಇಳಿಸಿ. ಒಂದು ವಾರ ಮೊದಲು ಪೊಲೀಸರ ಸಲಹೆ, ಎಚ್ಚರಿಕೆಯ ಹಂತ ಮತ್ತೆ ನೋಡುವುದು. ಕ್ರಿಟಿಕಲ್‌ಗೆ ಏರಿದ್ದರೆ ಸ್ಥಳೀಯ ಪೊಲೀಸರನ್ನು ಕೇಳದೆ ಬಾಗಿಲು ತೆರೆಯುವುದಿಲ್ಲ ಎಂದು ಇಂದಿನ ಸಭೆಯ ನಡಾವಳಿಯಲ್ಲೇ ದಾಖಲಿಸಿ, ಟಿಕೆಟ್ ಹಣ ಹಿಂತಿರುಗಿಸುವ ಷರತ್ತಿನ ಜೊತೆಗೇ.